ಅಪ್ಪಯ್ಯ ಒಪ್ಪುವ ಚಾಕು

ಆಶಾ ಸೈನ್ಯಕ್ಕೆ ಆಯ್ಕೆಯಾದ ಮೇಲೆ ಹನ್ನೊಂದು ದಿನ ಬೆಳ್ಳಪ್ಪ ಮಗಳ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಅವಳಿಗೆ ಹೇಳಬೇಕಾದದ್ದನ್ನು ಹೆಂಡತಿಗೆ ಹೇಳುತ್ತಿದ್ದ. ಹೆಂಡತಿ ಇಲ್ಲದಿದ್ದರೆ ತಾಯಿಗೆ. ಒಂದು ಬೆಳಿಗ್ಗೆ ಇಬ್ಬರೂ ಇರದಿದ್ದಾಗ ಅಂಗಳದಲ್ಲಿ ಮಲಗಿದ್ದ ನಾಯಿಗೆ ಹೇಳಿದ: "ಟಾರ್ಪಾಲು ಮಡಚಿ ಪಿಕಪ್ಪಿಗೆ ಹಾಕಕ್ಕೆ ಹೇಳಾ ಅವಳಿಗೆ." ಆಶಾ ಟಾರ್ಪಾಲು ಮಡಚಿ ಹಾಕಿದಳು.

ಅರಳಸುರಳಿಯ ರಸ್ತೆ ಪಕ್ಕದ ಆ ಮನೆಯಲ್ಲಿ ಐದು ಜನ. ಬೆಳ್ಳಪ್ಪ ಹಿಂದೆ ಮರ ಹತ್ತಿ ಅಡಿಕೆ ಗೊನೆ ಇಳಿಸುತ್ತಿದ್ದ. ಈಗ ಅಡಿಕೆ ಸುಲಿಯುವ ಯಂತ್ರವನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ತೀರ್ಥಹಳ್ಳಿ, ಹೊಸನಗರದ ಕಡೆ ಅಂಗಳದಿಂದ ಅಂಗಳಕ್ಕೆ ಹೋಗುತ್ತಾನೆ. ಹೆಂಡತಿ ಬಂಗಾರಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ತಾಯಿ ದುಗ್ಗಮ್ಮ, ಯಂತ್ರ ಬರುವ ಮೊದಲು ಸುತ್ತಿನಲ್ಲೆಲ್ಲ ಹೆಸರಾಗಿದ್ದ ಸುಲಿಯುವವಳು; ಈಗ ಮನೆಯಲ್ಲೇ ಕೂತು ಎಲ್ಲರ ಮಾತಿಗೂ ಒಂದು ಮಾತು ಸೇರಿಸುತ್ತಾಳೆ. ಮಗ ಲಿಖಿತ್‌ಗೆ ಇಪ್ಪತ್ತಮೂರು. ಆಶಾಗೆ ಇಪ್ಪತ್ತು.

ಸೈನ್ಯಕ್ಕೆ ಹೋಗಬೇಕಾಗಿದ್ದವನು ಲಿಖಿತ್. ಮೂರು ವರ್ಷ ಬೆಳ್ಳಪ್ಪ ಅವನನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಶಾಲೆಯ ಮೈದಾನಕ್ಕೆ ಕಳಿಸಿದ. ಮನೆಯಲ್ಲಿದ್ದ ನಾಲ್ಕು ಕೋಳಿಗಳ ಮೊಟ್ಟೆ ಅವನ ತಟ್ಟೆಗೇ. ಫೋನಿನಲ್ಲಿ ಸಮಯ ನೋಡಲು ಒಬ್ಬರು ಬೇಕಲ್ಲ ಎಂದು ಆಶಾಳನ್ನು ಜೊತೆಗೆ ಕಳಿಸಿದ. ಅಣ್ಣ ಓಡಿ ಸುಸ್ತಾಗಿ ಹುಲ್ಲಿನ ಮೇಲೆ ಬಿದ್ದಿರುವಾಗ ಆಶಾ ಫೋನನ್ನು ಅವನ ಕೈಗೆ ಕೊಟ್ಟು ತಾನೂ ಓಡುತ್ತಿದ್ದಳು. ಚಳಿಗೆ ಸುಮ್ಮನೆ ನಿಲ್ಲುವುದು ಕಷ್ಟ ಎಂದಷ್ಟೇ ಶುರುವಾದದ್ದು. ಲಿಖಿತ್ ಮೂರು ಸಲ ಸೈನ್ಯದ ಭರ್ತಿ ಓಟಕ್ಕೆ ಹೋದ. ಮೂರನೆಯ ಸಲ ನಾಲ್ಕು ಸೆಕೆಂಡಿನಲ್ಲಿ ತಪ್ಪಿತು. ಆಮೇಲೆ ವಯಸ್ಸು ಮೀರಿತು. ಮರುವರ್ಷ ಆಶಾ ಕಾಲೇಜಿನ ಕಂಪ್ಯೂಟರಿನಲ್ಲಿ ಯಾರಿಗೂ ಹೇಳದೆ ಅರ್ಜಿ ತುಂಬಿದಳು, ಓಡಿದಳು, ಪಾಸಾದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಐವರೂ ರೊಟ್ಟಿಗೆ ಕೂತಿದ್ದರು. ಬಂಗಾರಮ್ಮ ಬೇಯಿಸಿದ ಮೊಟ್ಟೆ ತಂದಳು. ಲಿಖಿತ್‌ನ ತಟ್ಟೆಯ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಆಶಾಳ ತಟ್ಟೆಗೆ ಇಟ್ಟಳು.

ಬೆಳ್ಳಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಂಗೆ ಬ್ಯಾಡಮ್ಮ" ಎಂದಳು ಆಶಾ.

"ತಿನ್ನು. ಇನ್ನು ಓಡೋಳು ನೀನು" ಎಂದಳು ಬಂಗಾರಮ್ಮ.

"ತಿನ್ನೆ" ಎಂದ ಲಿಖಿತ್, ತಟ್ಟೆಯಿಂದ ಕಣ್ಣೆತ್ತದೆ. "ನಂಗೆ ಮೊಟ್ಟೆ ನೋಡಿದ್ರೇ ವಾಕರಿಕೆ ಬರ್ತದೆ. ಮೂರು ವರ್ಷದ್ದು ಹೊಟ್ಟೇಲೇ ಅದೆ."

ದುಗ್ಗಮ್ಮ ನಕ್ಕಳು. "ಯಾರಿಗೂ ಬ್ಯಾಡಾಂದ್ರೆ ಇತ್ಲಾಗೆ ಹಾಕಿ. ನಾನು ಹೋಗ್ತೀನಿ ಮಿಲ್ಟ್ರಿಗೆ."

ಯಾರೂ ನಗಲಿಲ್ಲ. ಆಶಾ ಮೊಟ್ಟೆಯನ್ನು ಎರಡು ಹೋಳು ಮಾಡಿದಳು. ಒಂದನ್ನೂ ಬಾಯಿಗೆ ಹಾಕಲಿಲ್ಲ. ಆಗ ಬೆಳ್ಳಪ್ಪ ಕೇಳಿದ:

"ಚಾಕು ಅದೆಯಾ ನಿನ್ನ ಹತ್ರ?"

ಯಾರಿಗೆ ಕೇಳಿದ್ದೆಂದು ಮೊದಲು ಗೊತ್ತಾಗಲಿಲ್ಲ. ಅವನು ಆಶಾಳನ್ನೇ ನೋಡುತ್ತಿದ್ದ.

"ಇಲ್ಲ ಅಪ್ಪಯ್ಯ."

"ಮತ್ತೆ? ಈ ಮನೆಯಿಂದ ಹೊರಗೆ ದುಡಿಯಕ್ಕೆ ಹೋದೋರು ಯಾರೂ ಬರಿಗೈಲಿ ಹೋಗಿಲ್ಲ. ನೋಡಣ, ಒಂದು ಕಿಸೆಗೆ ಆಗೋವಂಥದ್ದು."

ಅದು ಆ ಮನೆಯ ಪದ್ಧತಿ. ಮೊದಲ ಸಲ ಕೂಲಿಗೆ ಹೊರಡುವವರಿಗೆ ಹಿರಿಯರೇ ಚಾಕು ಆರಿಸಬೇಕು. ಹಸಿ ಅಡಿಕೆಯ ಮೇಲೆ ಅದನ್ನು ಪರೀಕ್ಷಿಸಬೇಕು. ಸಿಪ್ಪೆ ಕಡಿಯದೆ ಒಂದೇ ಸುತ್ತಿಗೆ ಬಿಟ್ಟು ಬಂದರೆ ಚಾಕು ಒಪ್ಪಿಗೆ. ಆಮೇಲೆ ಅದನ್ನು ಹೊಸಿಲ ಮೇಲೆ ಇಡಬೇಕು, ಹೊರಡುವವರು ಅಲ್ಲಿಂದ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಡುವಂತಿಲ್ಲ. ಬೆಳ್ಳಪ್ಪ ಹದಿನಾರನೆಯ ವಯಸ್ಸಿನಲ್ಲಿ ಹಾಗೆ ಎತ್ತಿಕೊಂಡಿದ್ದ. ದುಗ್ಗಮ್ಮನೂ ಮದುವೆಯಾಗಿ ಬಂದ ವರ್ಷ, ಅಡಿಕೆ ಸುಲಿಯಲು ಮೊದಲ ಸಲ ಹೊರಟಾಗ, ಮಾವ ಇಟ್ಟದ್ದನ್ನು ಎತ್ತಿಕೊಂಡಿದ್ದಳು.

ಆಶಾಳ ಫೋನಿನಲ್ಲಿ ಸೈನ್ಯದ ಪತ್ರ ಇತ್ತು. ಜನವರಿ ಇಪ್ಪತ್ತೆಂಟಕ್ಕೆ ಬೆಂಗಳೂರಿನಲ್ಲಿ ಹಾಜರಾಗಬೇಕು. ತರಬೇಕಾದ ವಸ್ತುಗಳು: ಬಕೆಟ್, ಮಗ್, ಎರಡು ಬೀಗ, ಬಿಳಿ ಕ್ಯಾನ್ವಾಸ್ ಬೂಟು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ತರಬಾರದ ವಸ್ತುಗಳು. ಅದರಲ್ಲಿ ಮೊದಲನೆಯದೇ ಚಾಕು. ಇಂಗ್ಲಿಷಿನಲ್ಲಿದ್ದುದರಿಂದ ಅದನ್ನು ಪೂರ್ತಿ ಓದಿದವಳು ಆಶಾ ಒಬ್ಬಳೇ.

ಹೇಳಬಹುದಿತ್ತು. ಆದರೆ ಹನ್ನೊಂದು ದಿನದ ಮೇಲೆ ಅಪ್ಪ ಆಡಿದ ಮೊದಲ ಮಾತು ಅದು. ಅದಕ್ಕೆ ಬೇಡ ಅನ್ನಲು ಅವಳಿಂದಾಗಲಿಲ್ಲ.

"ಹೂಂ ಅಪ್ಪಯ್ಯ, ನೋಡಿ" ಎಂದಳು. ಧೈರ್ಯ ಮಾಡಿ ಇನ್ನೊಂದು ಮಾತೂ ಸೇರಿಸಿದಳು: "ಪಂಚಾಯ್ತಿಗೂ ಒಂದ್ಸಲ ಬರ್ಬೇಕಿತ್ತು. ಮದುವೆ ಆಗಿಲ್ಲ ಅಂತ ಸರ್ಟಿಫಿಕೇಟ್ ಕೊಡಕ್ಕೆ ಅಪ್ಪನೇ ಬಂದು ಸೈನ್ ಹಾಕ್ಬೇಕಂತೆ. ಅದಿಲ್ದೆ ಸೇರಿಸ್ಕೊಳ್ಳಲ್ಲ."

"ಮೊದ್ಲು ಚಾಕು ಆಗ್ಲಿ" ಎಂದ ಬೆಳ್ಳಪ್ಪ. "ಆಮೇಲೆ ಪಂಚಾಯ್ತಿ."

*

ಮೊದಲ ಚಾಕು ದುಗ್ಗಮ್ಮನದು. ಗೇಣುದ್ದದ ಚೂರಿ. ಮನೆಯಲ್ಲಿ ಯಾರೇ ಹೆತ್ತರೂ ಬಾಣಂತಿಯ ದಿಂಬಿನಡಿ ಇಡುತ್ತಿದ್ದದ್ದು.

"ಇದನ್ನ ಇಟ್ಕಂಡು ನಿಮ್ಮಪ್ಪ ಹುಟ್ಟಿದ್ದು, ನಿಮ್ಮಣ್ಣ ಹುಟ್ಟಿದ್ದು, ನೀ ಹುಟ್ಟಿದ್ದು" ಎಂದಳು ದುಗ್ಗಮ್ಮ. "ಒಂದು ದೆವ್ವನೂ ಹತ್ರ ಬಂದಿಲ್ಲ."

"ಅಲ್ಲಿ ದೆವ್ವ ಇರಲ್ಲಜ್ಜಿ. ಮೇಜರ್ ಇರ್ತಾರೆ" ಎಂದ ಲಿಖಿತ್.

"ಅದ್ಕೂ ಕಬ್ಬಿಣ ಒಳ್ಳೇದೇ."

ಬೆಳ್ಳಪ್ಪ ಚೂರಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಹಿಡಿಯ ಮೊಳೆ ಸಡಿಲವಾಗಿದೆ ಎಂದ. ಅಲಗು ಕೂದಲೆಳೆಯಷ್ಟು ಬಾಗಿದೆ ಎಂದ. ಆಶಾಗೆ ಬಾಗಿದ್ದು ಕಾಣಲಿಲ್ಲ. ಮಾರನೆಯ ದಿನ ಹೊಸನಗರದ ಕಮ್ಮಾರನಿಗೆ ಫೋನ್ ಮಾಡಿ, ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಡಚುವ ಚಾಕು ಮಾಡಲು ಹೇಳಿದ. ಹದಿನೈದು ದಿನ ಬೇಕು ಎಂದ ಕಮ್ಮಾರ.

"ನಿಧಾನಕ್ಕೇ ಮಾಡು" ಎಂದ ಬೆಳ್ಳಪ್ಪ. "ಮಗಳು ಮಿಲ್ಟ್ರಿಗೆ ಹೋಗೋದು. ಚೆನ್ನಾಗಾಗ್ಲಿ."

ಅಡುಗೆಮನೆಯಲ್ಲಿ ಬಂಗಾರಮ್ಮ ಸೌಟನ್ನು ಪಾತ್ರೆಗೆ ಬಡಿದಳು. "ನಿಧಾನಕ್ಕಂತೆ! ಇಪ್ಪತ್ತೆಂಟು ಕಾಯ್ತದಾ?"

"ಚಾಕು ಅಂದ್ರೆ ಸೌತೆಕಾಯಿ ಅಲ್ಲ, ಸಂತೇಲಿ ಆರಿಸಕ್ಕೆ."

"ಸರಿ. ಪಂಚಾಯ್ತಿಗೆ ಯಾವಾಗ ಹೋಗೋದು?"

"ಹೇಳಿದೀನಲ್ಲ. ಒಂದೊಂದೇ ಆಗ್ಲಿ."

ಸುಗ್ಗಿಯ ಕಾಲ ಅದು. ದಿನಾ ಏಳಕ್ಕೆ ಪಿಕಪ್ ಹೊರಡುತ್ತಿತ್ತು. ಬೆಳ್ಳಪ್ಪ ಅಡಿಕೆ ಸುರಿಯುತ್ತಿದ್ದ, ಲಿಖಿತ್ ಯಂತ್ರ ನೋಡಿಕೊಳ್ಳುತ್ತಿದ್ದ, ಆಶಾ ಬೆಲ್ಟಿನ ಮೇಲೆ ಬರುವ ಸುಲಿಯದ ಕಾಯಿಗಳನ್ನು ಹೆಕ್ಕಿ ತೆಗೆಯುತ್ತಿದ್ದಳು. ಮೂವರ ತಲೆ, ಹುಬ್ಬು, ಬಟ್ಟೆಯ ಮೇಲೂ ಸಿಪ್ಪೆಯ ಧೂಳು. ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಯಾರೂ ಮಾತಾಡದಿರುವುದು ಅಲ್ಲಿ ಸಹಜವಾಗಿತ್ತು.

ಒಂದು ಅಂಗಳದಲ್ಲಿ ಚಹಾದ ಹೊತ್ತಿಗೆ ತೋಟದ ಯಜಮಾನ ಹೇರಂಬ ಭಟ್ಟರು ಕೇಳಿದರು: "ಎಂತ ಬೆಳ್ಳಪ್ಪ, ಮಗಳು ಮಿಲಿಟ್ರಿಗೆ ಹೋಗ್ತಾಳಂತೆ? ಮಗನೇ ಹೋಗೋದು ಅಂತಿದ್ಯಲ್ಲ?"

ಬೆಳ್ಳಪ್ಪ ಲೋಟ ಕೆಳಗಿಟ್ಟ. "ಇನ್ನೂ ಎಂತದೂ ಆಗ್ಲಿಲ್ಲ ಒಡೆಯಾ. ಚಾಕು ನೋಡ್ತಾ ಇದೀವಿ."

"ಚಾಕಾ?" ಎಂದು ಭಟ್ಟರು ನಕ್ಕು ಒಳಗಿದ್ದ ಹೆಂಡತಿಗೆ ಕೂಗಿದರು: "ಕೇಳಿದ್ಯನೇ, ಕೂಸಿಗೆ ಚಾಕು ಹುಡುಕ್ತಾ ಇದ್ದ್ವಡ!"

ಲಿಖಿತ್ ಅರ್ಧ ಚಹಾ ಚೆಲ್ಲಿ ಎದ್ದುಹೋಗಿ ಯಂತ್ರ ಶುರು ಮಾಡಿದ. ಬೆಳ್ಳಪ್ಪ ಅವನ ಬೆನ್ನನ್ನೇ ನೋಡುತ್ತಾ ಕೂತ.

*

ಜನವರಿಯ ಮೊದಲ ಭಾನುವಾರ ಅಪ್ಪ ಮಗಳು ಇಬ್ಬರೇ ಪಿಕಪ್ಪಿನಲ್ಲಿ ಹೊಸನಗರದ ಮೇಲೆ ಸಾಗರಕ್ಕೆ ಹೊರಟರು. ಕಮ್ಮಾರನ ಚಾಕು ತಯಾರಾಗಿತ್ತು. ಬೀಟೆಯ ಹಿಡಿ, ನೀಲಿ ಬಣ್ಣಕ್ಕೆ ತಿರುಗಿದ ಅಲಗು. ಬೆಳ್ಳಪ್ಪ ಕಿಸೆಯಿಂದ ಹಸಿ ಅಡಿಕೆ ತೆಗೆದು ಸುಲಿದ. ಸಿಪ್ಪೆ ಸುರುಳಿ ಸುರುಳಿಯಾಗಿ ಇಳಿಯಿತು. ಆಶಾ ಹತ್ತಿರ ಬಗ್ಗಿ ನೋಡಿದಳು.

"ಬೀಗ ಇಲ್ಲ ಇದ್ಕೆ" ಎಂದ ಬೆಳ್ಳಪ್ಪ. "ತೆರೆದಾಗ ಬಿಗಿ ನಿಲ್ಬೇಕು. ಒತ್ತಿದ್ರೆ ಮಡಚಿ ಬೆರಳಿಗೇ ಬರ್ತದೆ."

"ಬೀಗ ಹಾಕು ಅಂತ ನೀವು ಹೇಳ್ಲೇ ಇಲ್ಲ ಮಾರಾಯ್ರೆ" ಎಂದ ಕಮ್ಮಾರ.

"ಹೇಳ್ಬೇಕಾ ಅದನ್ನ?"

ಕಮ್ಮಾರ ಆಶಾಳ ಮುಖ ನೋಡಿದ. ಅವಳು ರಸ್ತೆ ನೋಡಿದಳು.

ಸಾಗರದಲ್ಲಿ ಬಂಗಾರಮ್ಮನ ಅಣ್ಣ ಗಣೇಶಮೂರ್ತಿ ಇದ್ದ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ಪೇಟೆಯ ನಾಲ್ಕು ಅಂಗಡಿಗೆ ಅವರನ್ನು ಕರೆದುಕೊಂಡು ಹೋದ. ಕೆಂಪು ಹಿಡಿಯ, ಹನ್ನೊಂದು ಅಲಗಿನ ಚಾಕು ನೋಡಿ ಬೆಳ್ಳಪ್ಪ ಇದು ಮಕ್ಕಳ ಆಟಿಕೆ ಎಂದ. ಇಕ್ಕಳ, ಗರಗಸ, ಸ್ಕ್ರೂಡ್ರೈವರ್ ಎಲ್ಲ ಒಂದರೊಳಗೇ ಮಡಚಿಕೊಳ್ಳುವ ಉಪಕರಣವೊಂದನ್ನು ಅಂಗಡಿಯವನು ತೋರಿಸಿದ.

"ಇದು ನೋಡಿ ಭಾವ, ಇಂಥದ್ದು ಬೇಕು ಫೌಜಿಗೆ" ಎಂದ ಗಣೇಶಮೂರ್ತಿ. "ನಮ್ಮ ಕಾಲದಲ್ಲಿ ಇಂಥದ್ದು ಒಬ್ಬನ ಹತ್ರ ಇದ್ರೆ ಇಡೀ ಬ್ಯಾರಕ್ ಅವನಿಗೆ ಚಾ ಕೊಡಿಸ್ತಿತ್ತು."

ಬೆಳ್ಳಪ್ಪ ಅದನ್ನು ಹತ್ತು ಸಲ ತೆರೆದು ಹತ್ತು ಸಲ ಮಡಚಿದ. "ಗಂಡಸಿನ ಕೈಗೆ ಮಾಡಿದ್ದು ಇದು. ಇವಳ ಕೈ ಸಣ್ಣದು."

"ಬಂದೂಕೂ ಗಂಡಸಿನ ಕೈಗೇ ಮಾಡಿದ್ದು ಭಾವ. ಇವಳು ಹಿಡಿಯಲ್ವಾ?"

"ಅದು ಅವರು ಕೊಡೋದು. ಇದು ನಾನು ಕೊಡೋದು."

ಬೆಳ್ಳಪ್ಪ ಬೇರೆ ಅಂಗಡಿಗೆ ನುಗ್ಗಿದ ಮೇಲೆ ಗಣೇಶಮೂರ್ತಿ ಆಶಾಳನ್ನು ಬದಿಗೆ ಕರೆದ.

"ಲೆಟರ್ ಸರಿಯಾಗಿ ಓದಿದ್ಯೇನೇ? ಈಗ ಟ್ರೈನಿಂಗಿಗೆ ಚಾಕು ಬಿಡಲ್ಲ. ಗೇಟಲ್ಲೇ ಕಿತ್ಕೋತಾರೆ."

"ಓದಿದೀನಿ ಮಾವ."

"ಮತ್ತೆ ಈ ಮೆರವಣಿಗೆ ಎಂತಕ್ಕೆ?"

ಆಶಾ ಅಂಗಡಿಯ ಕಡೆ ನೋಡಿದಳು. ಒಳಗೆ ಅಪ್ಪ ಒಂದು ಚಾಕುವನ್ನು ಕಣ್ಣ ಹತ್ತಿರ ಹಿಡಿದು, ತುಟಿ ಬಿಗಿದು ನೋಡುತ್ತಿದ್ದ. "ಮಾತಾಡ್ತಾ ಇದಾರೆ ಮಾವ" ಎಂದಳು. "ಇದನ್ನ ಬಿಟ್ರೆ ಮಾತಿಲ್ಲ. ಚಾಕು ಬ್ಯಾಡ ಅಂದ್ರೆ ಪಂಚಾಯ್ತಿಗೂ ಬರಲ್ಲ. ಈಗ ಎಂತ ಹೇಳೋದು?"

ಗಣೇಶಮೂರ್ತಿ ಒಮ್ಮೆ ಅಂಗಡಿಯೊಳಗೆ ಇಣುಕಿದ. "ಇಷ್ಟು ದಿನ ಮುಚ್ಚಿಟ್ಟು ಈಗ ಹೇಳಿದ್ರೂ ತಪ್ಪು ನಿಂದೇ ಆಗ್ತದೆ. ಹಾಳಾಗ್ಲಿ, ಯಾವ್ದಾದ್ರೂ ಒಂದು ಒಪ್ಪಿಸು ಬೇಗ. ಗೇಟಲ್ಲಿ ಬಿಸಾಕಿದ್ರಾಯ್ತು."

ಆದರೆ ಬೆಳ್ಳಪ್ಪ ಯಾವುದನ್ನೂ ಒಪ್ಪಲಿಲ್ಲ. ಮರಳುವಾಗ ದಾರಿಯುದ್ದಕ್ಕೂ ಉಕ್ಕಿನ ಬಗ್ಗೆ, ಹದದ ಬಗ್ಗೆ, ತಾನು ಮರದ ತುದಿಯಲ್ಲಿ ಚಾಕು ಕಚ್ಚಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದುದರ ಬಗ್ಗೆ ಮಾತಾಡಿದ. ಚೆನ್ನಾಗಿ ಮಾತಾಡಿದ. ಆಶಾಗೆ ಕೇಳಲು ಇಷ್ಟವೂ ಆಯಿತು. ಹೊಸನಗರ ದಾಟುವಾಗ ಅವಳಿಗೆ ಒಂದು ವಿಷಯ ಗೊತ್ತಾಯಿತು: ಅಪ್ಪ ಬೇಡ ಎಂದು ಯಾವತ್ತೂ ಹೇಳುವುದಿಲ್ಲ. ಇಪ್ಪತ್ತೆಂಟು ಕಳೆದು ಇಪ್ಪತ್ತೊಂಬತ್ತು ಆಗುವವರೆಗೆ ಹೀಗೇ ಪ್ರೀತಿಯಿಂದ ಚಾಕು ಹುಡುಕುತ್ತಾನೆ.

*

ಹದಿನೇಳರ ಶನಿವಾರ ಮಧ್ಯಾಹ್ನ ಬಂಗಾರಮ್ಮ ಊಟ ಬಡಿಸುವುದನ್ನೇ ನಿಲ್ಲಿಸಿದಳು.

"ಹನ್ನೊಂದು ದಿನ ಉಳೀತು. ಇವತ್ತು ಒಂದು ಮಾತು ಹೇಳಿ. ಕಳಿಸ್ತೀರಾ ಇಲ್ವಾ?"

"ಬ್ಯಾಡ ಅಂದೆನಾ ನಾನು?"

"ಅಂದಿದ್ರೆ ಜಗಳ ಆಡ್ಬಹುದಿತ್ತು!"

"ಸಾರು ಹಾಕೇ, ಅನ್ನ ಆರ್ತದೆ" ಎಂದಳು ದುಗ್ಗಮ್ಮ.

"ಆರ್ಲಿ."

ಲಿಖಿತ್ ತಟ್ಟೆ ಬಿಟ್ಟು ಎದ್ದ. ಕೋಣೆಯ ಟ್ರಂಕು ತೆಗೆದ ಸದ್ದು ಕೇಳಿತು. ಹೊರಗೆ ಬಂದವನು ಹೊಸಿಲ ಮೇಲೆ ಒಂದು ಕಪ್ಪು ಡಬ್ಬಿ ಇಟ್ಟ. ಅದರ ಅಂಟುಟೇಪು ಕೂಡ ಬಿಚ್ಚಿರಲಿಲ್ಲ. ಮೂರನೆಯ ಭರ್ತಿಗೆ ಮುಂಚೆ, ಈ ಸಲ ಆಗಿಯೇ ಆಗುತ್ತದೆಂದು ತನ್ನ ಕೂಲಿಯಲ್ಲಿ ತರಿಸಿಟ್ಟುಕೊಂಡದ್ದು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ಅದರ ಹೆಸರೆತ್ತುತ್ತಿರಲಿಲ್ಲ.

"ಇದನ್ನ ನೋಡಿ ಅಪ್ಪಯ್ಯ."

ಬೆಳ್ಳಪ್ಪ ಕೈ ತೊಳೆದು ಬಂದ. ಡಬ್ಬಿ ತೆರೆದ. ಇಕ್ಕಳ, ಗರಗಸ, ಡಬ್ಬಿ ತೆರೆಯುವ ಕೊಕ್ಕೆ, ಚಾಕು, ಎಲ್ಲ ಒಂದರೊಳಗೇ. ಚಾಕು ತೆರೆದಾಗ ಟಕ್ಕೆಂದು ಬೀಗ ಬಿತ್ತು. ದುಗ್ಗಮ್ಮ ತಾನೇ ಹೋಗಿ ಹಸಿ ಅಡಿಕೆ ತಂದುಕೊಟ್ಟಳು. ಸಿಪ್ಪೆ ಒಂದೇ ಸುತ್ತಿಗೆ ಬಂತು.

"ನನ್ನ ಮೆಟ್ಟುಗತ್ತೀಲೂ ಹಿಂಗೆ ಬರ್ತಿರ್ಲಿಲ್ಲ!" ಎಂದಳು ದುಗ್ಗಮ್ಮ. ಹಲಗೆಗೆ ನಿಲ್ಲಿಸಿದ ಆ ಕತ್ತಿಯಲ್ಲಿ ಅವಳು ನಲವತ್ತು ವರ್ಷ ಅಡಿಕೆ ಸುಲಿದಿದ್ದಳು.

ಬೆಳ್ಳಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕುಂದು ಸಿಗಲಿಲ್ಲ.

"ಇದು ನಿಂದಲ್ಲನಾ?"

"ಆಗಿತ್ತು."

"ನೀನೇ ಇಟ್ಕ."

"ನಂಗೆ ಎಂತಕ್ಕೆ? ಯಂತ್ರಕ್ಕೆ ಸ್ಪ್ಯಾನರ್ ಸಾಕು."

ಬೆಳ್ಳಪ್ಪ ಮಗನ ಮುಖ ನೋಡಿದ. ಮಗ ನೆಲ ನೋಡಿದ. ಬೆಳ್ಳಪ್ಪ ಅದನ್ನು ಮಡಚಿ ಹೊಸಿಲ ಮೇಲೆ ಇಟ್ಟ. "ಆಗ್ಬಹುದು" ಎಂದ. "ಸೋಮವಾರ ಪಂಚಾಯ್ತಿಗೆ ಹೋಗಣ."

ಆಶಾ ಎತ್ತಿಕೊಂಡಳು. ನೋಡಲು ಚಿಕ್ಕದಿದ್ದರೂ ತೂಕವಾಗಿತ್ತು. ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. ಸೋಮವಾರ ಸೈನ್ ಆಗಲಿ, ಆಮೇಲೆ, ಎಂದುಕೊಂಡಳು.

*

ಪಂಚಾಯ್ತಿ ಕಚೇರಿಯಲ್ಲಿ ಪಿಡಿಒ ಶ್ರೀಗೌರಿ ಮೇಡಂ ಕುರ್ಚಿ ತೋರಿಸಿದರು. ಬೆಳ್ಳಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಸ್ವಲ್ಪ ತಡ ಆಯ್ತು ಮೇಡಂ. ಚಾಕು ಒಂದು ಆಗ್ಬೇಕಿತ್ತು. ಮೊನ್ನೆ ಆಯ್ತು. ಸೂಪರ್ ಐಟಂ ಸಿಗ್ತು."

"ಚಾಕು ಎಂತಕ್ಕೆ?" ಎಂದರು ಮೇಡಂ, ಆಶಾ ಪ್ರಿಂಟ್ ತೆಗೆಸಿ ತಂದಿದ್ದ ಪತ್ರದ ಮೇಲೆ ಕಣ್ಣಾಡಿಸುತ್ತಾ. ವಿವರ ತುಂಬಲು ಅದು ಬೇಕಿತ್ತು. "ಇದ್ರಲ್ಲಿ ಚಾಕು ತರಬಾರದು ಅಂತ ಬರ್ದಿದಾರಲ್ಲ. ಮೊದಲ್ನೇದೇ ಅದು."

ಬೆಳ್ಳಪ್ಪ ಪೆನ್ನಿನ ಮುಚ್ಚಳ ತೆಗೆದಿದ್ದ. "ಎಲ್ಲಿ?"

ಮೇಡಂ ಬೆರಳಿಟ್ಟು ತೋರಿಸಿದರು. ಬೆಳ್ಳಪ್ಪ ಆ ಸಾಲನ್ನು ನೋಡಿದ. ಇಂಗ್ಲಿಷ್ ಅವನಿಗೆ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದುಹೋದ. ಹೊರಗೆ ಪಿಕಪ್ ಶುರುವಾದ ಸದ್ದು ಕೇಳಿತು. ಆಶಾ ಎರಡು ಮೈಲಿ ನಡೆದು ಮನೆಗೆ ಬಂದಳು.

ಮನೆಯಲ್ಲಿ ಎಲ್ಲರೂ ಜಗಲಿಯಲ್ಲಿದ್ದರು. ಬೆಳ್ಳಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಯಾವತ್ತು ಓದಿದ್ದು ನೀನು ಅದನ್ನ?"

"ಬಂದ ದಿನವೇ."

"ಹೊಸನಗರ ತಿರುಗ್ಸಿದೆ. ಸಾಗರ ತಿರುಗ್ಸಿದೆ. ಅಂಗಡಿ ಅಂಗಡೀಲಿ ನಾನು ಮಂಗನ ಹಂಗೆ ಅಡಿಕೆ ಸುಲೀತಾ ಕೂತೆ. ನಗ್ತಿದ್ಯಾ ಹಿಂದೆ ನಿಂತ್ಕಂಡು?"

"ಇಲ್ಲ ಅಪ್ಪಯ್ಯ. ನೀವು ಅವತ್ತು ಮಾತಾಡಿದ್ರಿ. ಬ್ಯಾಡ ಅಂದಿದ್ರೆ ಮತ್ತೆ ಮಾತು ನಿಲ್ತಿತ್ತು."

"ಸುಳ್ಳಿ!"

"ಅವಳು ಒಂದು ಸುಳ್ಳು ಹೇಳಿದ್ಳು" ಎಂದಳು ಬಂಗಾರಮ್ಮ. "ನೀವು? ಚಾಕು ಬಾಗಿದೆ, ಬೀಗ ಇಲ್ಲ, ಕೈ ಸಣ್ಣದು. ಒಂದಾದ್ರೂ ನಿಜನಾ? ಕಳಿಸಕ್ಕೆ ಮನಸ್ಸಿಲ್ಲ ಅಂತ ಹೇಳಕ್ಕೆ ನಾಲ್ಕು ಚಾಕು ಬೇಕಾಯ್ತಾ?"

"ಹೌದು, ಮನಸ್ಸಿಲ್ಲ!" ಬೆಳ್ಳಪ್ಪನ ದನಿ ರಸ್ತೆಗೆ ಕೇಳುವಷ್ಟಾಯಿತು. "ಇವಳು ಹೋದ ಮೇಲೆ ಇವ್ನು ಈ ಊರಲ್ಲಿ ಹೆಂಗೆ ತಿರುಗ್ತಾನೆ? ತಂಗಿ ಯೂನಿಫಾರಂ ಹಾಕ್ಕಂಡು ರಜೆಗೆ ಬರೋದು, ಇವ್ನು ಅಂಗಳದಲ್ಲಿ ಸಿಪ್ಪೆ ಗುಡಿಸ್ತಾ ನಿಂತಿರೋದು. ಭಟ್ಟರು ನಗಾಡಿದ್ದು ಕೇಳಿಲ್ವಾ? ನಾಲ್ಕೇ ಸೆಕೆಂಡು. ನಾಲ್ಕು ಸೆಕೆಂಡಿಗೆ ನನ್ನ ಮಗನ ಜೀವ ಹೋಯ್ತು. ಅದ್ರ ಮೇಲೆ ಇವಳು ಬೇರೆ ಕಾಲಿಡ್ಬೇಕಾ?"

ಆ ಭರ್ತಿಯ ಮೇಲೆ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಲಿಖಿತ್ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿದ್ದ ಗ್ರೀಸಿನ ಚಿಂದಿಯನ್ನು ಮಡಚಿ ಪಕ್ಕಕ್ಕಿಟ್ಟ.

"ನಾಲ್ಕು ಸೆಕೆಂಡು ತಪ್ಪಿದ್ದಲ್ಲ ಅಪ್ಪಯ್ಯ" ಎಂದ. "ನಾನು ಬಿಟ್ಟಿದ್ದು."

"ಏನು?"

"ಕೊನೇ ಸುತ್ತಲ್ಲಿ ಕಾಲು ಬಿಟ್ಟೆ. ಬೇಕಂತಲೇ. ನಂಗೆ ಹೋಗಕ್ಕೆ ಮನಸ್ಸಿರ್ಲಿಲ್ಲ."

"ಯಾವಾಗಿಂದ?"

"ಮೊದ್ಲಿಂದ. ನಿಮ್ಗೆ ಹೇಳಕ್ಕೆ ಧೈರ್ಯ ಇರ್ಲಿಲ್ಲ. ಓಡಿದ ಹಂಗೆ ಮಾಡ್ತಿದ್ದೆ."

ಆಶಾ ಅಣ್ಣನನ್ನು ನೋಡಿದಳು. ಆ ಭರ್ತಿಯಿಂದ ಅವನು ಮನೆಗೆ ಬಂದ ಮಧ್ಯಾಹ್ನ ಅವನ ಕಾಲುಚೀಲ ತೊಳೆದವಳು ಅವಳೇ. ಮೂರು ಸಲ ನೀರು ಕೆಂಪಾಗಿತ್ತು. ಹೆಬ್ಬೆರಳಿನ ಉಗುರು ಚೀಲದೊಳಗೇ ಉಳಿದಿತ್ತು. ಎರಡು ದಿನ ಅವನಿಗೆ ಅನ್ನ ಇಳಿದಿರಲಿಲ್ಲ. ಬೇಕೆಂದು ನಿಧಾನಿಸಿದವನ ಕಾಲು ಹಾಗಾಗುವುದಿಲ್ಲ. ಹೇಳಲು ಒಂದೇ ವಾಕ್ಯ ಸಾಕಿತ್ತು.

ಬೆಳ್ಳಪ್ಪ ಮಗನ ಹತ್ತಿರ ಹೋಗಿ ನಿಂತ. ಹೊಡೆಯುತ್ತಾನೆ ಎಂದುಕೊಂಡರು ಎಲ್ಲರೂ. ಹೊಡೆಯಲಿಲ್ಲ. "ಆ ಮೊಟ್ಟೆ" ಎಂದ, ಅಷ್ಟೇ. ಮಾತು ಮುಗಿಸಲಿಲ್ಲ. ಕಂಬದ ಗೂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದುಕೊಂಡು ಆಶಾಳ ಕಡೆ ತಿರುಗಿದ.

"ಬಾ. ಕಚೇರಿ ಐದಕ್ಕೆ ಮುಚ್ತದೆ."

ಆಶಾ ಬಾಯಿ ತೆರೆದಳು. ಮೆಟ್ಟಿಲ ಮೇಲಿಂದ ಲಿಖಿತ್ ಅವಳನ್ನು ನೋಡಿ, ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ತಲೆ ಅಲ್ಲಾಡಿಸಿದ. ಅವಳು ಪತ್ರ ಎತ್ತಿಕೊಂಡು ಹೋಗಿ ಪಿಕಪ್ಪಿನಲ್ಲಿ ಕೂತಳು. ನಾಲ್ಕೂಕಾಲಿಗೆ ಬೆಳ್ಳಪ್ಪ ಸೈನ್ ಹಾಕಿದ.

*

ಆಮೇಲಿನ ವಾರ ಬೆಳ್ಳಪ್ಪ ಮಗಳಿಗೆ ಬಕೆಟ್ ತಂದ, ಎರಡು ಬೀಗ ತಂದ, ತೀರ್ಥಹಳ್ಳಿಗೆ ಹೋಗಿ ಬಿಳಿ ಬೂಟು ತಂದ. ಚಾಕುವನ್ನು ಆಶಾ ಲಿಖಿತ್‌ನ ಟ್ರಂಕಿಗೇ ಮರಳಿ ಇಟ್ಟಳು. ಬೆಳ್ಳಪ್ಪ ಸಿಕ್ಕವರಿಗೆಲ್ಲ ಮಗಳ ಸುದ್ದಿ ಹೇಳಿದ. ಮಗನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಅವರಿಬ್ಬರೂ ದಿನಾ ಒಂದೇ ಯಂತ್ರದ ಎರಡು ಬದಿಯಲ್ಲಿ ನಿಂತು ದುಡಿದರು.

ಬಂಗಾರಮ್ಮನಿಗೆ ಸಮಾಧಾನವಾಗಿರಲಿಲ್ಲ. "ಹೌದನಾ ಲಿಖಿ? ನಿಜವಾಗ್ಲೂ ಬಿಟ್ಯಾ?" ಎಂದು ಎರಡು ಸಲ ಕೇಳಿದಳು. "ಹೌದು ಅಂದ್ನಲ್ಲ" ಎಂದ ಅವನು. ದುಗ್ಗಮ್ಮ ಕೇಳಲಿಲ್ಲ. ಮೊಮ್ಮಗ ಊಟಕ್ಕೆ ಕೂತಾಗ ಅವನ ಹತ್ತಿರ ಬಂದು ಸುಮ್ಮನೆ ಕೂರುತ್ತಿದ್ದಳು. ಅವಳು ಮಾತಾಡದೆ ಕೂತದ್ದನ್ನು ಆ ಮನೆಯವರು ಆವರೆಗೆ ನೋಡಿರಲಿಲ್ಲ.

ಒಂದು ಸಂಜೆ ಲಿಖಿತ್ ಯಂತ್ರದ ಬೆಲ್ಟ್ ಬಿಚ್ಚಿ ತೊಳೆಯುತ್ತಿದ್ದಾಗ ಆಶಾ ನೀರು ಹಾಕಲು ಹೋದಳು.

"ಆ ಕಾಲುಚೀಲ ನಾನೇ ತೊಳ್ದಿದ್ದು" ಎಂದಳು.

"ಯಾವ್ದು?"

"ನಿಂಗೆ ಗೊತ್ತು ಯಾವ್ದು ಅಂತ. ಅಪ್ಪಯ್ಯಂಗೆ ಹೇಳ್ತೀನಿ ನಾನು."

"ಹೇಳು. ಮತ್ತೆ ಪಾಪ ಅನ್ಸ್ತದೆ ಅವ್ರಿಗೆ. ಮತ್ತೆ ನನ್ನ ಬೆನ್ನು ನೋಡ್ತಾ ಕೂರ್ತಾರೆ. ನೀನು ಇಲ್ಲೇ ಅಡಿಕೆ ಹೆಕ್ತಾ ಇರು." ಬ್ರಶ್ಶಿನಿಂದ ಬೆಲ್ಟನ್ನು ಜೋರಾಗಿ ಉಜ್ಜಿದ. "ಪಾಪ ಅನ್ನೋರ ಜೊತೆ ದುಡಿಯಕ್ಕಾಗಲ್ಲ ಮಾರಾಯ್ತಿ. ಸಿಟ್ಟು ಮಾಡೋರ ಜೊತೆ ಹೆಂಗೋ ಆಗ್ತದೆ."

"ಎಷ್ಟು ವರ್ಷ?"

"ನೀರು ಹಾಕು."

ಅವಳು ನೀರು ಹಾಕಿದಳು.

*

ಇಪ್ಪತ್ತೇಳರ ಬೆಳಿಗ್ಗೆ ಬೆಳ್ಳಪ್ಪನೇ ಅವಳನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೊರಟ. ಬಂಗಾರಮ್ಮ ಅಂಗಳದಲ್ಲಿ ಅತ್ತಳು. ದುಗ್ಗಮ್ಮ ಮೊಮ್ಮಗಳ ಕೆನ್ನೆಗೆ ಎರಡೂ ಕೈ ಇಟ್ಟು, "ಮೇಜರ್ ಬೈದ್ರೆ ಎದುರು ಮಾತಾಡ್ಬ್ಯಾಡ, ನನ್ನ ಹಂಗೆ" ಎಂದಳು. ಲಿಖಿತ್ ಮನೆಯಲ್ಲಿರಲಿಲ್ಲ. ಹಿಂದಿನ ದಿನವೇ ಯಂತ್ರವನ್ನು ಒಂದು ಅಂಗಳದಲ್ಲಿ ನಿಲ್ಲಿಸಿದ್ದರು. ಅವನು ಬೆಳಿಗ್ಗೆ ಆರಕ್ಕೇ ಅಲ್ಲಿಗೆ ನಡೆದುಹೋಗಿದ್ದ.

ಆ ಅಂಗಳ ದಾರಿಯಲ್ಲೇ ಇತ್ತು. "ಒಂದು ನಿಮಿಷ ಅಪ್ಪಯ್ಯ" ಎಂದಳು ಆಶಾ. ಬೆಳ್ಳಪ್ಪ ಪಿಕಪ್ ನಿಲ್ಲಿಸಿದ. ಎಂಜಿನ್ ನಿಲ್ಲಿಸಲಿಲ್ಲ, ಇಳಿಯಲೂ ಇಲ್ಲ.

ಲಿಖಿತ್ ಒಬ್ಬನೇ ಸುರಿಯುತ್ತಾ, ಒಬ್ಬನೇ ಹೆಕ್ಕುತ್ತಾ ಇದ್ದ. ತಂಗಿಯನ್ನು ಕಂಡು ಯಂತ್ರ ಆರಿಸಲಿಲ್ಲ. ಧೂಳು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ತಲೆಯ ಮೇಲೆ ಒಂದು ಸಲ ಇಟ್ಟ. ಬೆಲ್ಟಿನ ಮೇಲೆ ಸುಲಿಯದ ಕಾಯಿಗಳು ಮುಂದೆ ಹೋಗುತ್ತಿದ್ದವು. ಅವನು ಆ ಕಡೆ ತಿರುಗಿದ.

ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ನಿಂತಿತ್ತು. ಬೆಳ್ಳಪ್ಪ ಬಕೆಟ್ಟನ್ನು ಸೀಟಿನಡಿ ತಳ್ಳಿದ, ಚೀಲವನ್ನು ಮೇಲಿಟ್ಟ, ಕಿಟಕಿಯ ಗಾಜು ಸರಿಯುತ್ತದೆಯೇ ಎಂದು ನೋಡಿದ. ಆಮೇಲೆ ಅವಳ ಪಕ್ಕದ ಸೀಟಿನಲ್ಲಿ ಕೂತ. ಕಂಡಕ್ಟರ್ ಇನ್ನೂ ಕೆಳಗೆ ಚಹಾ ಕುಡಿಯುತ್ತಿದ್ದ.

"ಒಂದು ಕೇಳ್ತೀನಿ" ಎಂದ ಬೆಳ್ಳಪ್ಪ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು. "ಮೂರು ವರ್ಷ ದಿನಾ ಅವ್ನ ಜೊತೆ ಮೈದಾನದಲ್ಲಿ ಇದ್ದೋಳು ನೀನು. ಒಂದೊಂದ್ಸಲ ನಂಗೆ ಅನ್ಸ್ತದೆ, ನಿನ್ನ ಕಳಿಸ್ಲಿ ಅಂತ ಅವ್ನು ಸುಳ್ಳು ಹೇಳಿದ್ನೇನೋ ಅಂತ. ಅವ್ನಿಗೆ ಮನಸ್ಸಿಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವನು ಅವಳನ್ನು ನೋಡುತ್ತಿರಲಿಲ್ಲ. ಕಂಬಿ ಹಿಡಿದ ಅವನ ಬೆರಳುಗಳ ಸಂದಿಯಲ್ಲಿ ಅಡಿಕೆಯ ಕಪ್ಪು ಕಲೆಗಳಿದ್ದವು. ಕೆಳಗೆ ಡ್ರೈವರ್ ಬಾಗಿಲು ತೆಗೆದು ಹತ್ತಿದ. ಬಸ್ಸು ನಡುಗಿ ಶುರುವಾಯಿತು. ನಿಜ ಹೇಳಿದರೆ ಅಪ್ಪ ಬಕೆಟ್ಟು ಚೀಲ ಇಳಿಸುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಇಳಿಸಲಿಕ್ಕಿಲ್ಲ. ಇಳಿಸಲೂಬಹುದು.

"ಗೊತ್ತಿತ್ತು ಅಪ್ಪಯ್ಯ" ಎಂದಳು.

ಬೆಳ್ಳಪ್ಪ ತಲೆಯಾಡಿಸಿದ. ಕಂಬಿ ಬಿಟ್ಟು ಎದ್ದ. "ಅಷ್ಟೇ ಕೇಳ್ಬೇಕಿತ್ತು" ಎಂದ. "ಫೋನ್ ಮಾಡು."

ಕೆಳಗಿಳಿದು ಅವಳ ಕಿಟಕಿಯ ಕೆಳಗೆ ಬಂದು ನಿಂತ. ಲೋಡು ಸರಿಯಾಗಿ ಕೂತಿದೆ, ಇನ್ನು ಹೊರಡಬಹುದು ಎಂದು ಹೇಳುವವನ ಹಾಗೆ ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿದ. ಬಸ್ಸು ಹೊರಟಿತು.